ಕಟ್ಟಿಕೊಂಡ ಕಮೋಡಿಗೆ ಯಾವ ಸಾಧನ ಕೊಳ್ಳಬೇಕು?

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಪೇಟೆಗಳಲ್ಲಾಗಲಿ, ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಕಮೋಡು ಬ್ಲಾಕ್ ಆಗಿದೆ, ಬಿಡಿಸಲು ಏನಾದರೂ ಕೊಡಿ’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ವಸ್ತುಗಳು ಮೇಜಿನ ಮೇಲೆ ಬರುತ್ತವೆ. ಒಂದು, ಚಪ್ಪಟೆ ಬಾಯಿಯ ಚಿಕ್ಕ ಪ್ಲಂಜರ್, ಅಂದರೆ ಹಿಡಿಕೆಯ ತುದಿಗೆ ರಬ್ಬರ್ ಬಟ್ಟಲು ಸಿಕ್ಕಿಸಿದ ಒತ್ತುವ ಸಾಧನ. ಇನ್ನೊಂದು, ಆ್ಯಸಿಡ್ ತುಂಬಿದ ಪ್ಲಾಸ್ಟಿಕ್ ಬಾಟಲಿ. ಮೊದಲನೆಯದು ಅಡುಗೆಮನೆಯ ಸಿಂಕಿಗೆ ಹೇಳಿ ಮಾಡಿಸಿದ್ದು, ಎರಡನೆಯದು ಟೈಲ್ಸಿನ ಕಲೆ ತೆಗೆಯುವುದಕ್ಕೆ. ಕಮೋಡಿನ ಕಟ್ಟು ಬಿಡಿಸುವುದಕ್ಕೆಂದೇ ತಯಾರಾದ ಸಾಧನಗಳು ಬೇರೆ ಇವೆ. ಅವುಗಳಲ್ಲಿ ಹಲವನ್ನು ನಮ್ಮ ಮನೆಯಲ್ಲೂ ನೆಂಟರಿಷ್ಟರ ಮನೆಗಳಲ್ಲೂ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಯಾವ ಬಗೆಯ ಕಮೋಡು ಇದ್ದರೂ ಬಟ್ಟಲಿನೊಳಗೆ ಇನ್ನೊಂದು ರಬ್ಬರ್ ಕೊರಳಿರುವ ಒಂದು ಒಳ್ಳೆಯ ಫ್ಲೇಂಜ್ ಪ್ಲಂಜರ್ ಇರಬೇಕು. ಕಮೋಡು ನೀರನ್ನು ಇಕ್ಕಟ್ಟಾದ ದಾರಿಯಲ್ಲಿ ಹೀರಿಕೊಳ್ಳುವ ಸೈಫಾನಿಕ್ ಮಾದರಿಯದಾಗಿದ್ದರೆ ಅದರ ಜೊತೆಗೆ 3 ಅಡಿಯ ಕ್ಲೋಸೆಟ್ ಆಗರ್, ಅಂದರೆ ಒಳಗೆ ಸಿಕ್ಕಿದ್ದನ್ನು ಹಿಂದಕ್ಕೆಳೆಯುವ ಕೇಬಲ್ ಸಾಧನ, ಕೂಡ ಇರಬೇಕು. ಉಳಿದವುಗಳಲ್ಲಿ ಕೆಲವು ಅನಗತ್ಯ, ಕೆಲವು ಅಪಾಯಕಾರಿ.

ಸಾಧನದ ಆಯ್ಕೆ ಕಮೋಡಿನ ಹೊಟ್ಟೆಯೊಳಗಿನ ಬಾಗುವಿಕೆಯನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಗಡಿಯಾರಗಳನ್ನು ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬವರು 1775ರಲ್ಲಿ ಪೇಟೆಂಟ್ ಪಡೆದ ಶೌಚಪಾತ್ರೆಯಲ್ಲಿ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ನೀರು ನಿಲ್ಲುವಂತೆ ಮಾಡಿ, ಕೆಳಗಿನ ದುರ್ವಾಸನೆ ಮೇಲೆ ಬಾರದಂತೆ ತಡೆದಿದ್ದರು. ಇಂದಿಗೂ ಪ್ಲಂಬರ್‌ಗಳು ‘ಟ್ರ್ಯಾಪ್’ ಎನ್ನುವುದು ಅದನ್ನೇ. ವಾಸನೆಯನ್ನು ತಡೆಯುವ ಆ ಬಾಗೇ ಹೋಗಬೇಕಾದ ವಸ್ತುವನ್ನೂ ತಡೆದು ನಿಲ್ಲಿಸುತ್ತದೆ. ಮನೆಯ ಕಟ್ಟುಗಳಲ್ಲಿ ಬಹುಪಾಲು ಉಂಟಾಗುವುದು ಅಲ್ಲಿಯೇ. ನಮ್ಮ ಹಳೆಯ ಮನೆಗಳಲ್ಲಿರುವ ಕುಕ್ಕರಗಾಲಿನ ಒರಿಸ್ಸಾ ಪ್ಯಾನಿನ ಟ್ರ್ಯಾಪು ಸುಮಾರು 100 ಮಿಲಿಮೀಟರ್ ಅಗಲದ್ದು, ಅದೂ ಪ್ಯಾನಿನಿಂದ ಪ್ರತ್ಯೇಕವಾಗಿ ನೇರ ಕೆಳಗೆ ಕೂರಿಸಿದ್ದು. ಅದರಲ್ಲಿ ಸಾಮಾನ್ಯ ವಸ್ತುಗಳು ಸಿಕ್ಕಿಕೊಳ್ಳುವುದು ಕಡಿಮೆ. ಯುರೋಪಿಯನ್ ಕಮೋಡುಗಳಲ್ಲಿ ಎರಡು ಜಾತಿ. ವಾಶ್‌ಡೌನ್ ಎಂಬುದರಲ್ಲಿ ನೀರು ತನ್ನ ಭಾರದಿಂದಲೇ ಎಲ್ಲವನ್ನೂ ತಳ್ಳಿಕೊಂಡು ಹೋಗುತ್ತದೆ, ಅದರ ದಾರಿ ಗಿಡ್ಡ ಮತ್ತು ಅಗಲ. ಸೈಫಾನಿಕ್ ಎಂಬುದರಲ್ಲಿ ದಾರಿ ಉದ್ದವಾಗಿ, ಎರಡು ಸಲ ಹೊರಳಿ, ಸುಮಾರು 50 ಮಿಲಿಮೀಟರ್‌ನಷ್ಟೇ ಅಗಲವಾಗಿರುತ್ತದೆ. ಆ ಇಕ್ಕಟ್ಟಾದ ದಾರಿ ಪೂರ್ತಿಯಾಗಿ ನೀರಿನಿಂದ ತುಂಬಿಕೊಂಡಾಗ ಮಾತ್ರ ಹೀರುವ ಕ್ರಿಯೆ ಆರಂಭವಾಗುತ್ತದೆ ಎಂಬುದು ಇದಕ್ಕೆ ಕಾರಣ. ಫ್ಲಶ್ ಮಾಡಿದಾಗ ಬಟ್ಟಲಿನ ನೀರು ಮೊದಲು ಮೇಲೇರಿ, ಅನಂತರ ಗುಟುಕರಿಸಿದ ಸದ್ದಿನೊಡನೆ ಒಮ್ಮೆಲೇ ಇಳಿದುಹೋದರೆ ಅದು ಸೈಫಾನಿಕ್. ಸದ್ದು ಕಡಿಮೆ, ಬಟ್ಟಲು ಸ್ವಚ್ಛ, ನೋಡಲು ಚಂದ ಎಂಬ ಕಾರಣಕ್ಕೆ ಗುಜರಾತಿನ ಮೋರ್ಬಿ, ಥಾನ್‌ಗಢದ ಕಡೆಯಿಂದ ಬರುವ ಒಂದೇ ತುಂಡಿನ ಸೈಫಾನಿಕ್ ಕಮೋಡುಗಳು ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಹೊಸ ಮನೆಗಳನ್ನು ಸೇರುತ್ತಿವೆ. ಚಂದದ ಬೆಲೆಯನ್ನು ಕಟ್ಟಿನ ರೂಪದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಯಾವುದನ್ನಾದರೂ ಕೊಳ್ಳುವ ಮೊದಲು ಕಟ್ಟು ಎಲ್ಲಿದೆ ಎಂದು ತಿಳಿದುಕೊಳ್ಳಬೇಕು. ಕಾಸರಗೋಡು ಜಿಲ್ಲೆಯ ಮನೆಗಳಲ್ಲಿ ಊರಿನ ಒಳಚರಂಡಿಗೆ ಸೇರುವ ಕೊಳವೆ ಎಂಬುದಿಲ್ಲ. ಮನೆಯ ಪಕ್ಕದಲ್ಲೇ ಸೆಪ್ಟಿಕ್ ಟ್ಯಾಂಕ್, ಅದರಾಚೆ ಇಂಗುಗುಂಡಿ, ಮನೆಗೂ ಟ್ಯಾಂಕಿಗೂ ನಡುವೆ ಎಲ್ಲೋ ಒಂದು ಚೇಂಬರ್, ಅಂದರೆ ಕೊಳವೆಯನ್ನು ತೆರೆದು ನೋಡಲು ಮುಚ್ಚಳವಿಟ್ಟ ಗುಂಡಿ. ಈ ಚೇಂಬರಿನ ಮುಚ್ಚಳವನ್ನು ತೆರೆದು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಕಮೋಡಿನಲ್ಲಿ ನೀರು ನಿಂತಿದ್ದು ಚೇಂಬರ್ ಖಾಲಿಯಾಗಿದ್ದರೆ ಕಟ್ಟು ಇವೆರಡರ ನಡುವೆ, ಬಹುತೇಕ ಟ್ರ್ಯಾಪಿನಲ್ಲೇ ಇದೆ. ಕೈ ಸಾಧನದಿಂದ ಬಿಡಿಸಬಹುದು. ಚೇಂಬರೇ ತುಂಬಿ ನಿಂತಿದ್ದರೆ ಕಟ್ಟು ಅದರಾಚೆಗಿದೆ, ಇಲ್ಲವೇ ಟ್ಯಾಂಕ್ ತುಂಬಿದೆ. ಆಗ ಕಮೋಡಿನ ಮುಂದೆ ನಿಂತು ಏನು ಮಾಡಿದರೂ ವ್ಯರ್ಥ. ಚೇಂಬರ್ ಇಲ್ಲದ ಮನೆಗಳಲ್ಲಿ ಇನ್ನೊಂದು ಶೌಚಾಲಯಕ್ಕೆ ಒಂದು ಬಕೆಟ್ ನೀರು ಸುರಿದು ನೋಡಬಹುದು. ಅಲ್ಲಿಯೂ ನೀರು ನಿಧಾನವಾಗಿ ಇಳಿದರೆ, ಅಥವಾ ಬಚ್ಚಲಿನ ನೆಲದ ಜಾಲರಿಯಲ್ಲಿ ಗುಳುಗುಳು ಸದ್ದು ಬಂದರೆ, ತೊಂದರೆ ಎರಡಕ್ಕೂ ಸಾಮಾನ್ಯವಾದ ಕೊಳವೆಯಲ್ಲಿದೆ ಎಂದರ್ಥ.

ಮಳೆಗಾಲದ ಮಾತನ್ನು ಇಲ್ಲಿಯೇ ಹೇಳಬೇಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವುದರಿಂದ, ಬೈಲಿನ ಮನೆಗಳ ಇಂಗುಗುಂಡಿಗಳ ಸುತ್ತಲಿನ ನೆಲವೇ ನೀರು ಕುಡಿದು ತೃಪ್ತವಾಗಿರುತ್ತದೆ. ಗುಂಡಿಯಿಂದ ನೀರು ಇಂಗದೆ ಟ್ಯಾಂಕಿಗೆ ಹಿಂದಿರುಗುತ್ತದೆ, ಟ್ಯಾಂಕಿನಿಂದ ಕೊಳವೆಗೆ, ಕೊಳವೆಯಿಂದ ಕಮೋಡಿಗೆ. ಆಷಾಢದ ಜಡಿಮಳೆಯಲ್ಲಿ ನಿಂತ ನೀರು ನಾಲ್ಕು ದಿನದ ಹೊಳವಿನಲ್ಲಿ ತಾನೇ ಇಳಿದುಹೋದರೆ, ಅದು ಕಟ್ಟಾಗಿರಲಿಲ್ಲ. ಇಂತಹ ಮನೆಗಳವರು ಪ್ಲಂಜರ್ ಕೊಂಡು, ಅದು ಕೆಲಸ ಮಾಡಲಿಲ್ಲವೆಂದು ದೂರಿ, ಮುಂದಿನ ಬೇಸಿಗೆಯಲ್ಲಿ ಅದನ್ನು ಹೊಗಳುವುದನ್ನು ಕಂಡಿದ್ದೇನೆ. ಪಾಪ, ಎರಡಕ್ಕೂ ಪ್ಲಂಜರ್ ಹೊಣೆಯಲ್ಲ.

ಇನ್ನು ಪ್ಲಂಜರಿನ ವಿಚಾರ. ಚಪ್ಪಟೆ ಬಾಯಿಯ ಸಾದಾ ಪ್ಲಂಜರು ಸಮತಟ್ಟಾದ ಸಿಂಕಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕಮೋಡಿನ ಇಳಿಜಾರಾದ, ಅಂಡಾಕಾರದ ರಂಧ್ರದ ಮೇಲೆ ಅದರ ಒಂದು ಅಂಚು ಎದ್ದೇ ಇರುತ್ತದೆ. ಫ್ಲೇಂಜ್ ಪ್ಲಂಜರಿನಲ್ಲಿ ಬಟ್ಟಲಿನ ಒಳಗಿನಿಂದ ಇನ್ನೊಂದು ಚಿಕ್ಕ ರಬ್ಬರ್ ಕೊರಳು ಹೊರಚಾಚಿರುತ್ತದೆ. ಆ ಕೊರಳು ರಂಧ್ರದೊಳಗೆ ಇಳಿದು, ಹೊರಗಿನ ಅಂಚು ಸುತ್ತಲಿನ ಪಿಂಗಾಣಿಗೆ ಅಂಟಿ, ಎರಡು ಕಡೆ ಬಿಗಿ ಸಿಗುತ್ತದೆ. ಕೊರಳನ್ನು ಒಳಕ್ಕೆ ಮಡಚಿದರೆ ಅದೇ ಪ್ಲಂಜರು ಸಿಂಕಿಗೂ ಆಗುತ್ತದೆ. ಹಾಗೆ ಬಳಸುವುದು ಬಿಡುವುದು ಅವರವರ ಮಡಿ-ಮೈಲಿಗೆಗೆ ಬಿಟ್ಟದ್ದು, ನಮ್ಮ ಮನೆಯಲ್ಲಂತೂ ಆ ಮಾತನ್ನೇ ಎತ್ತುವಂತಿಲ್ಲ. ಒರಿಸ್ಸಾ ಪ್ಯಾನಿಗೆ ಮಾತ್ರ ಕೊರಳು ಅಡ್ಡಿಯೇ ಸರಿ. ಅಲ್ಲಿ ರಂಧ್ರವೇ ದೊಡ್ಡದಾದ್ದರಿಂದ ಕೊರಳನ್ನು ಮಡಚಿ, 15 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಅಗಲದ ಬಟ್ಟಲನ್ನು ಬಳಸಬೇಕು.

ಬಳಸುವ ಕ್ರಮದಲ್ಲಿ ಗಮನಿಸಬೇಕಾದ್ದು ಗಾಳಿ. ಬಟ್ಟಲಿನೊಳಗೆ ಗಾಳಿ ಉಳಿದಿದ್ದರೆ ನಮ್ಮ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ನೀರು ಕುಗ್ಗುವುದಿಲ್ಲವಾದ್ದರಿಂದ ಬಟ್ಟಲಿನ ತುಂಬ ನೀರಿದ್ದರೆ ಒತ್ತಿದ್ದು ಒತ್ತಿದಂತೆ ಕಟ್ಟಿಗೆ ತಲುಪುತ್ತದೆ. ಆದುದರಿಂದ ಪ್ಲಂಜರನ್ನು ಓರೆಯಾಗಿ ನೀರಿನಲ್ಲಿ ಮುಳುಗಿಸಿ, ಗುಳ್ಳೆಗಳು ಹೊರಟುಹೋದ ಮೇಲೆ ನೆಟ್ಟಗೆ ಮಾಡಿ ರಂಧ್ರದ ಮೇಲೆ ಕೂರಿಸಬೇಕು. ಬಟ್ಟಲು ಮುಳುಗುವಷ್ಟು ನೀರಿಲ್ಲದಿದ್ದರೆ ಚೊಂಬಿನಿಂದ ಸುರಿಯಬೇಕು, ಫ್ಲಶ್ ಒತ್ತಬಾರದು. ಮೊದಲ ಒತ್ತು ಮೆಲ್ಲಗಿರಲಿ, ಇಲ್ಲವಾದರೆ ಮುಖಕ್ಕೆ ಪ್ರೋಕ್ಷಣೆಯಾಗುತ್ತದೆ. ಹೆಚ್ಚಿನವರು ಒತ್ತುವುದಕ್ಕೆ ಕೊಡುವ ಗಮನವನ್ನು ಎಳೆಯುವುದಕ್ಕೆ ಕೊಡುವುದಿಲ್ಲ. ಹೋಗುವ ದಿಕ್ಕಿನಲ್ಲಿ ಬಿಗಿದು ಕುಳಿತ ವಸ್ತುವನ್ನು ಅದೇ ದಿಕ್ಕಿಗೆ ಮತ್ತೆ ಮತ್ತೆ ತಳ್ಳಿದರೆ ಇನ್ನಷ್ಟು ಬಿಗಿಯಾಗುವುದೂ ಉಂಟು. ಬಿಗಿ ಕಳಚದಂತೆ ಚುರುಕಾಗಿ ಎಳೆದಾಗ ಅದು ಬಂದ ದಾರಿಯಲ್ಲಿ ಅರ್ಧ ಅಂಗುಲ ಹಿಂದೆ ಸರಿದು ಸಡಿಲಗೊಳ್ಳುತ್ತದೆ. ಸಡಿಲಾದ ಲಕ್ಷಣ ಕೈಗೇ ತಿಳಿಯುತ್ತದೆ: ಹಿಡಿಕೆ ಹಠಾತ್ತನೆ ಹಗುರಾಗಿ, ನೀರಿನ ಮಟ್ಟ ಸುಳಿ ತಿರುಗಿ ಇಳಿಯುತ್ತದೆ.

ಅಂಗಡಿಯಲ್ಲಿ ಆರಿಸುವಾಗ ರಬ್ಬರನ್ನು ಹಿಸುಕಿ ನೋಡಬೇಕು. ರಬ್ಬರ್ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ಕೇರಳದ ಅಂಗಡಿಗಳಲ್ಲಿ ಮಾರಾಟಕ್ಕಿರುವ ಪ್ಲಂಜರುಗಳಲ್ಲಿ ಎಷ್ಟೋ ಗಟ್ಟಿ ಪಿವಿಸಿಯವು ಎಂಬುದು ವಿಚಿತ್ರ. ಪಿವಿಸಿ ಬಟ್ಟಲು ಬಾಗುವುದಿಲ್ಲ, ಬಾಗದ್ದು ಅಂಟುವುದಿಲ್ಲ. ತೀರ ತೆಳುವಾದ ರಬ್ಬರಿನದು ಎರಡನೆಯ ಎಳೆತಕ್ಕೆ ಕೊಡೆಯೊಂದು ಗಾಳಿಗೆ ಮಗುಚಿದ ಹಾಗೆ ಮಗುಚಿಕೊಳ್ಳುತ್ತದೆ. ಅಂಗಡಿಯ ನೆಲದ ಟೈಲ್ಸನ್ನು ತುಸು ಒದ್ದೆ ಮಾಡಿ, ಪ್ಲಂಜರನ್ನು ಒತ್ತಿ, ಎಳೆದು ನೋಡಿ: ಏಳಲು ಹಟ ಮಾಡಿದರೆ ಕೊಳ್ಳಬಹುದು. ಹಿಡಿಕೆ ಕನಿಷ್ಠ ಒಂದೂವರೆ ಅಡಿಯಿರಲಿ. ಮರದ ಹಿಡಿಕೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಹಿಡಿಕೆಯ ತಿರುಪು ಬೇಗ ಸವೆಯುತ್ತದೆ; ಎರಡರಲ್ಲಿ ನಾನು ಮರವನ್ನೇ ಆರಿಸುತ್ತೇನೆ, ಏಕೆಂದರೆ ಬೂಷ್ಟನ್ನು ಒರಸಬಹುದು. ಇಷ್ಟೆಲ್ಲ ಇದ್ದರೂ ಇದರ ಬೆಲೆ ಒಬ್ಬ ಪ್ಲಂಬರ್ ಮನೆಗೆ ಬಂದು ಹೋಗುವ ಖರ್ಚಿಗಿಂತ ಕಡಿಮೆಯೇ.

ಪ್ಲಂಜರು ಸೋಲುವುದು ಗಟ್ಟಿ ವಸ್ತುಗಳ ಮುಂದೆ. ನೀರು ಬಳಸುವ ನಮ್ಮ ಮನೆಗಳಲ್ಲಿ ಕಾಗದದಿಂದ ಕಟ್ಟುವುದು ಅಪರೂಪ. ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು, ಸಾಬೂನಿನ ಚೂರು, ಹಲ್ಲುಜ್ಜುವ ಬ್ರಷ್ಷು, ಈಚೆಗೆ ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆಗಳಲ್ಲಿ ಬಂದು ಅಭ್ಯಾಸವಾಗಿರುವ ಒದ್ದೆ ವೈಪ್ಸು, ಇವೇ ಮುಖ್ಯ ಅಪರಾಧಿಗಳು. ಡೈಪರಿನೊಳಗಿನ ಪುಡಿ ನೀರು ಹೀರಿ ಉಬ್ಬುವುದರಿಂದ ಹೊತ್ತು ಕಳೆದಂತೆ ಕಟ್ಟು ಬಲಿಯುತ್ತದೆ. ಇಂತಹವುಗಳನ್ನು ಮುಂದಕ್ಕೆ ತಳ್ಳುವುದು ತಪ್ಪು; ಟ್ರ್ಯಾಪಿನಿಂದ ಪಾರಾದರೆ ಕೊಳವೆಯ ಮುಂದಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿಂದ ತೆಗೆಯಬೇಕಾದರೆ ನೆಲ ಒಡೆಯಬೇಕು. ಹಿಂದಕ್ಕೆ ಎಳೆದು ತೆಗೆಯುವುದಕ್ಕಾಗಿಯೇ ಇರುವುದು ಕ್ಲೋಸೆಟ್ ಆಗರ್.

ಇದು ಒಂದು ಉದ್ದನೆಯ ಲೋಹದ ನಳಿಗೆ; ಕೆಳತುದಿ ಕೊಕ್ಕೆಯಾಕಾರದಲ್ಲಿ ಬಾಗಿರುತ್ತದೆ, ಆ ಬಾಗಿಗೆ ರಬ್ಬರ್ ಅಥವಾ ವಿನೈಲ್ ಕವಚ ತೊಡಿಸಿರುತ್ತದೆ. ನಳಿಗೆಯೊಳಗೆ ಸುರುಳಿ ಸುತ್ತಿದ ಉಕ್ಕಿನ ಕೇಬಲ್, ಮೇಲ್ತುದಿಯಲ್ಲಿ ತಿರುಗಿಸುವ ಹಿಡಿಕೆ. ಕೇಬಲನ್ನು ಪೂರ್ತಿ ಒಳಕ್ಕೆ ಎಳೆದುಕೊಂಡು, ಕವಚವಿರುವ ಬಾಗನ್ನು ಕಮೋಡಿನ ರಂಧ್ರದ ಬಾಯಿಗೆ ಕೂರಿಸಿ, ಬಲಕ್ಕೆ ತಿರುಗಿಸುತ್ತ ನಿಧಾನವಾಗಿ ಕೇಬಲನ್ನು ಒಳಗೆ ಬಿಡಬೇಕು. ಬಾಗು ಕೇಬಲಿಗೆ ದಾರಿ ತೋರಿಸುತ್ತದೆ; ಕವಚ ಪಿಂಗಾಣಿಯ ಮೇಲೆ ಗೀರು ಬೀಳದಂತೆ ಕಾಯುತ್ತದೆ. ಅಮೆರಿಕದ ರಿಜಿಡ್ ಕಂಪನಿಯ ಕೆ-3 ಎಂಬ 3 ಅಡಿಯ ಮಾದರಿಯೂ ಕೆ-6 ಎಂಬ 6 ಅಡಿಯ ಮಾದರಿಯೂ ಈ ವರ್ಗದಲ್ಲಿ ಹೆಸರು ಮಾಡಿದವು. ನಮ್ಮಲ್ಲಿ ಆನ್‌ಲೈನ್ ಮಾರಾಟಕ್ಕೆ ಬರುವ ಅಗ್ಗದವು ಬಹುಮಟ್ಟಿಗೆ ಅವುಗಳ ಆಕಾರವನ್ನೇ ಅನುಸರಿಸುತ್ತವೆ. 3 ಅಡಿ ಕೇಬಲ್ ಕಮೋಡಿನ ಟ್ರ್ಯಾಪನ್ನು ದಾಟಿ ಕೊಳವೆಯ ಬಾಯಿಯವರೆಗೆ ತಲುಪುತ್ತದೆ, ಮನೆಬಳಕೆಗೆ ಅಷ್ಟು ಸಾಕು. 6 ಅಡಿಯದು ಕಮೋಡಿನಾಚೆಯ ಮೊದಲ ತಿರುವಿಗೂ ಹೋಗುತ್ತದೆ, ಆದರೆ ಇಕ್ಕಟ್ಟಾದ ಶೌಚಾಲಯದಲ್ಲಿ ಅಷ್ಟು ಉದ್ದವನ್ನು ಹಿಡಿದು ತಿರುಗಿಸಲು ಬಾಗಿಲನ್ನು ತೆರೆದಿಟ್ಟುಕೊಂಡು ಅರ್ಧ ಹೊರಗೆ ನಿಲ್ಲಬೇಕಾಗುತ್ತದೆ.

ನಮ್ಮ ಮನೆಯ ಮಹಡಿಯ ಸೈಫಾನಿಕ್ ಕಮೋಡಿನಲ್ಲಿ ಇದರ ಉಪಯೋಗವನ್ನು ಸರಿಯಾಗಿ ಕಂಡೆ. ಪ್ಲಂಜರಿನಿಂದ ನೀರು ಇಳಿಯುತ್ತಿತ್ತು, ಮರುದಿನ ಮತ್ತೆ ನಿಲ್ಲುತ್ತಿತ್ತು. ಹೀಗೆ ಅರೆಬರೆಯಾಗಿ ಬಿಡುವ ಕಟ್ಟು ಗಟ್ಟಿ ವಸ್ತುವಿನ ಗುರುತು: ಅದು ಅಡ್ಡ ನಿಂತಿರುತ್ತದೆ, ಮೃದುವಾದುದು ಬಂದು ಅದಕ್ಕೆ ಆತುಕೊಳ್ಳುತ್ತದೆ, ಪ್ಲಂಜರು ಮೃದುವಾದುದನ್ನಷ್ಟೇ ಸರಿಸುತ್ತದೆ. ಆಗರಿನ ಕೇಬಲ್ ಮೊದಲ ಹೊರಳಿನಲ್ಲಿ ಸಲೀಸಾಗಿ ಹೋಗಿ ಎರಡನೆಯದರಲ್ಲಿ ನಿಂತಿತು. ಅಲ್ಲಿ ಬಲ ಹಾಕದೆ, ಒಂದೇ ದಿಕ್ಕಿಗೆ ನಾಲ್ಕಾರು ಸುತ್ತು ತಿರುಗಿಸಿ, ತಿರುಗಿಸುತ್ತಲೇ ಹಿಂದೆಳೆದಾಗ ಕೇಬಲಿನ ಗುಂಡು ತುದಿಗೆ ಕೂದಲಿನ ಎಳೆಗಳೂ, ಅವುಗಳ ನಡುವೆ ಕಮೋಡಿನ ಅಂಚಿಗೆ ನೇತುಹಾಕುವ ಪರಿಮಳದ ಬಿಲ್ಲೆಯ ನೀಲಿ ಪ್ಲಾಸ್ಟಿಕ್ ಗೂಡೂ ಸುತ್ತಿಕೊಂಡು ಬಂದವು. ಬಿಲ್ಲೆ ಕರಗಿ ಎಷ್ಟೋ ಕಾಲವಾಗಿತ್ತು. ಗೂಡು ಮಾತ್ರ ಕೊಕ್ಕೆ ಮುರಿದು ಒಳಗೆ ಹೋಗಿ ಕುಳಿತಿತ್ತು. ಯಾವ ಒತ್ತಡಕ್ಕೂ ಯಾವ ದ್ರಾವಣಕ್ಕೂ ಅದು ಜಗ್ಗುತ್ತಿರಲಿಲ್ಲ. ಎಳೆದುಕೊಳ್ಳುವಾಗ ತಿರುಗಿಸುವುದನ್ನು ನಿಲ್ಲಿಸಬಾರದು, ದಿಕ್ಕನ್ನೂ ಬದಲಿಸಬಾರದು. ಎರಡರಲ್ಲಿ ಯಾವುದನ್ನು ಮಾಡಿದರೂ ಸಿಕ್ಕಿದ್ದು ಕಳಚಿ ಮತ್ತೆ ಅಲ್ಲೇ ಬೀಳುತ್ತದೆ.

ಇದರ ಕುಂದುಗಳನ್ನೂ ಹೇಳಬೇಕು. ವಾಶ್‌ಡೌನ್ ಕಮೋಡಿನ ಅಗಲವಾದ ದಾರಿಯಲ್ಲಿ ತೆಳು ಕೇಬಲಿನ ತುದಿ ಕಟ್ಟಿನ ಪಕ್ಕದಿಂದ ನುಸುಳಿಹೋಗುವುದುಂಟು. ಒರಿಸ್ಸಾ ಪ್ಯಾನಿಗೆ ಇದರ ಬಾಗು ಹೊಂದುವುದಿಲ್ಲ. ಬೆಲೆ ಪ್ಲಂಜರಿನ ಹಲವು ಪಟ್ಟು. ವಯಸ್ಸಾದವರಿಗೆ ಹಿಡಿಕೆಯನ್ನು ಒಂದು ಕೈಯಲ್ಲಿ, ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಗ್ಗಿ ನಿಲ್ಲುವುದೇ ಕಷ್ಟ. ಮಕ್ಕಳೆಲ್ಲ ಮಂಗಳೂರಿಗೋ ಬೆಂಗಳೂರಿಗೋ ಹೋಗಿ, ಹಿರಿಯರಿಬ್ಬರೇ ಇರುವ ಮನೆಗಳಿಗೆ ನಾನು ಆಗರನ್ನು ಶಿಫಾರಸು ಮಾಡುವುದಿಲ್ಲ; ಅಲ್ಲಿಗೆ ಪ್ಲಂಜರು, ಮತ್ತು ಗೋಡೆಯ ಕ್ಯಾಲೆಂಡರಿನ ಮೇಲೆ ಪ್ಲಂಬರನ ನಂಬರು.

ಮನೆಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು ‘ಸ್ಪ್ರಿಂಗ್’ ಎಂದೇ ಕರೆಯುವ, ನಳಿಗೆಯಿಲ್ಲದ ಬರಿಯ ಕೇಬಲ್. 5 ಮೀಟರ್, 10 ಮೀಟರ್ ಉದ್ದದಲ್ಲಿ ಸಿಗುತ್ತದೆ, ಆಗರಿಗಿಂತ ಅಗ್ಗ. ಬಚ್ಚಲಿನ ಕೊಳವೆಗೆ, ಚೇಂಬರಿನಿಂದ ಮೇಲ್ಮುಖವಾಗಿ ಹಾಕುವುದಕ್ಕೆ ಇದು ಒಳ್ಳೆಯದೇ. ಕಮೋಡಿಗೆ ಹಾಕಿದರೆ ಮಾತ್ರ ಎರಡು ತೊಂದರೆ: ದಾರಿ ತೋರಿಸುವ ಬಾಗು ಇಲ್ಲದ್ದರಿಂದ ಕೇಬಲ್ ಬಟ್ಟಲಿನಲ್ಲೇ ಮಡಚಿಕೊಂಡು ಗಂಟು ಬೀಳುತ್ತದೆ, ಮತ್ತು ಉಜ್ಜಿದ ಕಡೆಯಲ್ಲೆಲ್ಲ ಪಿಂಗಾಣಿಯ ಮೇಲೆ ಕಪ್ಪು ಗೆರೆಗಳು ಉಳಿಯುತ್ತವೆ. ಆ ಗೆರೆಗಳಲ್ಲಿ ಕೆಲವು ಲೋಹದ ಗುರುತಾದ್ದರಿಂದ ಉಜ್ಜಿದರೆ ಹೋಗುತ್ತವೆ. ಹೊಳಪಿನ ಪದರವೇ ಕಿತ್ತುಹೋದಲ್ಲಿ ಕೊಳೆ ಕಾಯಂ ಆಗಿ ನಿಲ್ಲುತ್ತದೆ. ಒರಿಸ್ಸಾ ಪ್ಯಾನಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಅಡಕೆ ಮರದ ಸಲಾಕೆಯನ್ನು ನಾನು ಈ ಸ್ಪ್ರಿಂಗಿಗಿಂತ ಮೇಲೆಂದು ಎಣಿಸುತ್ತೇನೆ. ತೆಳ್ಳಗೆ ಸೀಳಿ, ಅಂಚು ಹೆರೆದು ನುಣುಪು ಮಾಡಿದ ಹಸಿ ಸಲಾಕೆ ಬೇಕಾದಷ್ಟು ಬಾಗುತ್ತದೆ, ಮುರಿಯುವುದಿಲ್ಲ, ಪಿಂಗಾಣಿಯನ್ನು ಗೀರುವುದಿಲ್ಲ, ಕೆಲಸ ಮುಗಿದ ಮೇಲೆ ಎಸೆದುಬಿಡಬಹುದು. ತೋಟವಿದ್ದವರಿಗೆ ದುಡ್ಡೂ ಬೇಡ. ಸೈಫಾನಿಕ್ ಕಮೋಡಿನ ಎರಡು ಹೊರಳುಗಳಲ್ಲಿ ಅದು ಸಾಗುವುದಿಲ್ಲ ಎಂಬುದೊಂದೇ ಅದರ ಮಿತಿ.

ಅಕಾರ್ಡಿಯನ್ ಮಾದರಿಯ, ಮಡಿಕೆ ಮಡಿಕೆಯಾದ ಪ್ಲಾಸ್ಟಿಕ್ ಪ್ಲಂಜರಿಗೆ ಬಲ ಹೆಚ್ಚು, ಹಿಡಿತ ಕಡಿಮೆ. ಮಡಿಕೆಗಳ ಒಳಗೆ ಉಳಿಯುವ ಹೊಲಸನ್ನು ತೊಳೆಯುವುದು ಇನ್ನೊಂದು ಕೆಲಸ. ಕಮೋಡಿನ ಬಾಯಿಗೆ ಅಂಟಿಸಿ ಅಂಗೈಯಿಂದ ಒತ್ತುವ ಪ್ಲಾಸ್ಟಿಕ್ ಹಾಳೆಗಳೂ ಬಂದಿವೆ. ಅಂಚು ಪೂರ್ತಿ ಒಣಗಿರದಿದ್ದರೆ ಅವು ಅಂಟುವುದಿಲ್ಲ. ಆಟಿ ತಿಂಗಳ ಮಳೆಯ ತೇವದಲ್ಲಿ ಒಣಗಿದ ಅಂಚು ಎಲ್ಲಿಂದ ಬರಬೇಕು?

ಗಾಳಿಯ ಗನ್ನಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಅದರ ಜಾಹೀರಾತುಗಳು ಮೊಬೈಲಿನಲ್ಲಿ ಬೆನ್ನುಬಿಡದೆ ಬರುತ್ತವೆ. ಕೈ ಪಂಪಿನಿಂದ ಗಾಳಿ ತುಂಬಿಸಿ, ಬಾಯಿಯನ್ನು ಕಮೋಡಿನ ರಂಧ್ರಕ್ಕೆ ಒತ್ತಿ, ಕುದುರೆ ಎಳೆದರೆ ಗಾಳಿಯೆಲ್ಲ ಒಮ್ಮೆಲೇ ಸಿಡಿಯುತ್ತದೆ. ಲೆಕ್ಕ ಹಾಕಿ ನೋಡೋಣ. 15 ಸೆಂಟಿಮೀಟರ್ ಅಗಲದ ಪ್ಲಂಜರಿನ ವಿಸ್ತಾರ ಸುಮಾರು 177 ಚದರ ಸೆಂಟಿಮೀಟರ್. ಅದರ ಮೇಲೆ 15 ಕಿಲೋದಷ್ಟು ಭಾರ ಹಾಕಿ ಒತ್ತಿದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು ಸುಮಾರು 85 ಗ್ರಾಂ, ಅಂದರೆ 85 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ. ಗನ್ನಿನ ಮೀಟರು ಪ್ರತಿ ಚದರ ಸೆಂಟಿಮೀಟರಿಗೆ 4 ಕಿಲೋ ಎಂದು ತೋರಿಸಿದರೆ ಅದು 40 ಮೀಟರ್ ಎತ್ತರದ ನೀರಿಗೆ ಸಮ. ಮನೆಯ ಶೌಚದ ಕೊಳವೆಗಳು ಐಎಸ್ 13592 ಎಂಬ ಭಾರತೀಯ ಮಾನಕದ ಪಿವಿಸಿ ಕೊಳವೆಗಳು. ಮಲಿನ ನೀರು ತನ್ನ ಭಾರದಿಂದಲೇ ಹರಿದುಹೋಗಲೆಂದು ಮಾಡಿದವು, ಪಂಪಿನ ನೀರಿನ ಕೊಳವೆಗಳ ಹಾಗೆ ಒತ್ತಡ ತಾಳುವುದಕ್ಕೆ ಮಾಡಿದವಲ್ಲ. ಅವುಗಳಲ್ಲಿ ಅನೇಕ ಜೋಡಣೆಗಳು ರಬ್ಬರ್ ಉಂಗುರದ ಆಧಾರದಲ್ಲಿ ನಿಂತಿರುತ್ತವೆ, ಕಮೋಡು ಕೊಳವೆಗೆ ಸೇರುವಲ್ಲಿ ಎಷ್ಟೋ ಮನೆಗಳಲ್ಲಿ ಬಿಳಿ ಸಿಮೆಂಟೊಂದೇ ಗತಿ. ಸಿಡಿದ ಗಾಳಿಯ ಪೂರ್ತಿ ಒತ್ತಡ ಅಲ್ಲಿಯವರೆಗೆ ತಲುಪುವುದಿಲ್ಲ ನಿಜ. ಆದರೆ ಒಂದು ಕೀಲು ಬಿರಿದರೂ ಅದು ಟೈಲ್ಸಿನ ಅಡಿಯಲ್ಲಿ, ಕಣ್ಣಿಗೆ ಕಾಣದಂತೆ, ತಿಂಗಳುಗಟ್ಟಲೆ ಒಸರುತ್ತದೆ. ಬಿಗಿ ಸರಿಯಾಗದಿದ್ದರೆ ಬಟ್ಟಲಿನಲ್ಲಿದ್ದುದೆಲ್ಲ ಮೇಲ್ಮುಖವಾಗಿ ಬರುವುದು ಬೇರೆ. ನೆಂಟರ ಮನೆಯಲ್ಲಿ ಒಮ್ಮೆ ಇದರ ಪ್ರಯೋಗವನ್ನು ಕಂಡ ಮೇಲೆ ಚಾವಣಿಗೆ ಸುಣ್ಣ ಬಳಿಯಬೇಕಾಯಿತು.

ಔಷಧಿಗಳ ವಿಷಯ. ಪುಡಿಯ ರೂಪದಲ್ಲಿ ಸಿಗುವ ಡ್ರೈನ್ ಕ್ಲೀನರುಗಳಲ್ಲಿ ಮುಖ್ಯವಾಗಿರುವುದು ಕಾಸ್ಟಿಕ್ ಸೋಡಾ, ಕೆಲವುಗಳಲ್ಲಿ ಅದರ ಜೊತೆಗೆ ಅಲ್ಯೂಮಿನಿಯಂ ಚೂರುಗಳು. ನೀರು ಸೇರಿದೊಡನೆ ಬಿಸಿಯೇರಿ, ಸಿಂಕಿನ ಕೊಳವೆಯಲ್ಲಿ ಹೆಪ್ಪುಗಟ್ಟಿದ ಎಣ್ಣೆ ಜಿಡ್ಡನ್ನು ಕರಗಿಸುವುದಕ್ಕೆ ಅವು ಸಮರ್ಥ. ಕಮೋಡಿನಲ್ಲಿ ಕಟ್ಟಿಕೊಂಡಿರುವುದು ಜಿಡ್ಡಲ್ಲ. ಮೇಲಾಗಿ ಅಲ್ಲಿ ಲೀಟರುಗಟ್ಟಲೆ ನೀರು ನಿಂತಿರುವುದರಿಂದ ಪುಡಿ ಕಟ್ಟನ್ನು ತಲುಪುವ ಮೊದಲೇ ತೆಳುವಾಗುತ್ತದೆ. ಪ್ಯಾಡು, ಪ್ಲಾಸ್ಟಿಕ್ಕುಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಬಿಸಿಗೆ ಪಿಂಗಾಣಿ ಬಿರುಕು ಬಿಡಬಹುದು, ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಯಿಸುವ ಕೆಲಸ ಮಾಡುವ ಸೂಕ್ಷ್ಮಾಣುಗಳು ಸಾಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಔಷಧಿ ಹಾಕಿ ಫಲ ಸಿಗದೆ ಅನಂತರ ಪ್ಲಂಜರ್ ಹಿಡಿದವನ ಕಣ್ಣಿಗೆ ಹಾರುವುದು ಬರಿಯ ನೀರಲ್ಲ, ಕ್ಷಾರದ ನೀರು. ಪ್ಲಂಬರನ್ನು ಕರೆಯುವುದಿದ್ದರೂ ಏನು ಸುರಿದಿದ್ದೇವೆಂದು ಮೊದಲೇ ಹೇಳಬೇಕಾದದ್ದು ಧರ್ಮ.

ನಮ್ಮ ಊರುಗಳಿಗೆ ವಿಶೇಷವಾದ ಅಪಾಯ ಇನ್ನೊಂದಿದೆ. ಇಲ್ಲಿ ಮನೆಗೊಂದು ಬಾವಿ, ಬಾವಿಗೆ ಹಾಕಲು ಬ್ಲೀಚಿಂಗ್ ಪೌಡರ್ ಪ್ರತಿ ಮನೆಯಲ್ಲೂ ಇರುತ್ತದೆ. ಕಮೋಡಿಗೆ ಆ್ಯಸಿಡ್ ಸುರಿದು, ವಾಸನೆ ಹೋಗಲೆಂದು ಮೇಲಿನಿಂದ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ, ಚಿಕ್ಕದೊಂದು ಗಾಳಿಗಿಂಡಿಯಷ್ಟೇ ಇರುವ ಶೌಚಾಲಯದಲ್ಲಿ ಅದು ಶ್ವಾಸಕೋಶವನ್ನು ಸುಡುವುದಕ್ಕೆ ಹೆಚ್ಚು ಹೊತ್ತು ಬೇಡ. ಮಾರುಕಟ್ಟೆಯ ಟಾಯ್ಲೆಟ್ ಕ್ಲೀನರುಗಳಲ್ಲಿ ಬಹಳಷ್ಟರಲ್ಲಿ ಇರುವುದೂ ಹೈಡ್ರೋಕ್ಲೋರಿಕ್ ಆಮ್ಲವೇ ಆದ್ದರಿಂದ ಈ ಮಾತು ಅವುಗಳಿಗೂ ಅನ್ವಯಿಸುತ್ತದೆ. ಮೃದುವಾದ ಕಟ್ಟೆಂದು ಅನುಮಾನವಿದ್ದರೆ ಪಾತ್ರೆ ತೊಳೆಯುವ ದ್ರವವನ್ನು ಒಂದು ಲೋಟದಷ್ಟು ಸುರಿದು, ಕೈ ತಾಳುವಷ್ಟು ಬಿಸಿಯ ನೀರನ್ನು ಸೊಂಟದೆತ್ತರದಿಂದ ಹೊಯ್ದು, ಅರ್ಧ ಗಂಟೆ ಬಿಟ್ಟು ಪ್ಲಂಜರ್ ಬಳಸಿದರೆ ಸಾಕು. ಕುದಿಯುವ ನೀರು ಬೇಡ.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಎರಡು ಬಗೆಯದು. ಪ್ಲಂಜರನ್ನು ಅಂಗಡಿಯಲ್ಲಿಯೇ ಕೊಳ್ಳಬೇಕು, ಏಕೆಂದರೆ ರಬ್ಬರಿನ ಗುಣ ಚಿತ್ರದಲ್ಲಿ ಕಾಣುವುದಿಲ್ಲ. ಹೆಸರು ಹೇಳಿ ಕೇಳಿದರೆ ಸಿಗದೇ ಹೋಗಬಹುದು. ‘ಕ್ಲೋಸೆಟ್ಟಿಗೆ ಹಾಕುವ, ಒಳಗೆ ಇನ್ನೊಂದು ರಬ್ಬರ್ ಇರುವ ಪ್ಲಂಜರ್’ ಎಂದು ಕನ್ನಡದಲ್ಲೋ ಮಲಯಾಳದಲ್ಲೋ ತುಳುವಿನಲ್ಲೋ ವಿವರಿಸಿದರೆ ಅಟ್ಟದ ಮೇಲಿನಿಂದ ತೆಗೆದುಕೊಡುವ ಅಂಗಡಿಯವರು ಇದ್ದಾರೆ. ಕ್ಲೋಸೆಟ್ ಆಗರ್ ನನಗೆ ಇಲ್ಲಿಯ ಚಿಕ್ಕ ಪೇಟೆಗಳಲ್ಲಿ ಸಿಗಲಿಲ್ಲ. ಮಂಗಳೂರಿಗೆ ಹೇಗೂ ಹೋಗುವವರು ಅಲ್ಲಿಯ ದೊಡ್ಡ ಸ್ಯಾನಿಟರಿ ಅಂಗಡಿಗಳಲ್ಲಿ ವಿಚಾರಿಸಬಹುದು, ಉಳಿದವರಿಗೆ ಆನ್‌ಲೈನೇ ದಾರಿ. ನಾನು ತರಿಸಿದ ಮೊದಲ ಆಗರು ಚಿತ್ರದಲ್ಲಿ ಕೆಂಪು ಕವಚ ತೊಟ್ಟು ನಿಂತಿತ್ತು. ಪೆಟ್ಟಿಗೆಯಿಂದ ಹೊರಬಂದದ್ದು ಬರಿಯ ಕಬ್ಬಿಣದ ಬಾಗು. ಮಾರಾಟಗಾರರಿಗೆ ಚಿತ್ರ ಕಳುಹಿಸಿದರೆ ‘ಕವಚ ಐಚ್ಛಿಕ’ ಎಂಬ ಉತ್ತರ ಬಂತು, ಹಣ ಮರಳಲು ವಾರಗಟ್ಟಲೆ ಕಾಯಬೇಕಾಯಿತು. ಕವಚವಿಲ್ಲದ ಆಗರಿಗೂ ಬರಿಯ ಸ್ಪ್ರಿಂಗಿಗೂ ಕಮೋಡಿನ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ಆದ್ದರಿಂದ ಕೊಂಡವರು ಹಾಕಿದ ಅಭಿಪ್ರಾಯಗಳಲ್ಲಿರುವ ಚಿತ್ರಗಳನ್ನೇ ನೋಡಬೇಕು, ಕಂಪನಿಯ ಚಿತ್ರಗಳನ್ನಲ್ಲ. ಕೇಬಲಿನ ತುದಿಯ ಗುಂಡು ಬೆಸುಗೆಯಿಂದ ಕೂಡಿದೆಯೇ, ಹಿಡಿಕೆಯನ್ನು ಬಿಗಿಯುವ ತಿರುಪು ಲೋಹದ್ದೇ ಎಂಬುದನ್ನೂ ಗಮನಿಸಬೇಕು.

ಇವೆರಡರಿಂದಲೂ ಬಿಡದ ಕಟ್ಟನ್ನು ಪ್ಲಂಬರಿಗೆ ಒಪ್ಪಿಸಬೇಕು. ಕಮೋಡನ್ನೇ ಕಳಚಿ ತಲೆಕೆಳಗು ಮಾಡಿ ತೆಗೆಯುವ ಕೆಲಸ ಅವರದು, ಮರುಜೋಡಣೆಗೆ ಹೊಸ ರಬ್ಬರ್ ಹಾಕಿಸಿಕೊಳ್ಳುವುದು ನಮ್ಮದು. ಟ್ಯಾಂಕ್ ತುಂಬಿದ್ದರೆ ಹೀರುವ ಯಂತ್ರವಿರುವ ಟ್ಯಾಂಕರನ್ನೇ ಕರೆಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಿದ್ದರೆ ಈ ಪ್ರಮೇಯ ಮಳೆಗಾಲದಲ್ಲೇ ಬಂದೊದಗುವುದಿಲ್ಲ. ಮುಚ್ಚಳ ತೆಗೆದು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಗಿಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಟ್ಯಾಂಕಿನೊಳಗಿನ ಅನಿಲಕ್ಕೆ ಕಾಯ್ದೆಯ ಹಂಗೂ ಇಲ್ಲ.

ಇನ್ನು ಕಾಪಾಡಿಕೊಳ್ಳುವುದು. ಪ್ಲಂಜರನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆ, ತುಸು ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ರಬ್ಬರು ಬಿರಿಯುತ್ತದೆ. ಆಗರಿಗೆ ಇದರ ವಿರುದ್ಧ ಉಪಚಾರ: ಬ್ಲೀಚಿಂಗ್ ನೀರು ಉಕ್ಕನ್ನು ತಿನ್ನುವುದರಿಂದ ಅದಕ್ಕೆ ಸಾಬೂನು ನೀರು ಸಾಕು, ಅನಂತರ ಕೇಬಲನ್ನು ಪೂರ್ತಿ ಹೊರಗೆಳೆದು ಬಿಸಿಲಿನಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ಸವರಬೇಕು. ಕಡಲ ಗಾಳಿ ಬೀಸುವ ಮಂಜೇಶ್ವರ, ಉಪ್ಪಳದ ಕಡೆಯವರು ಬಳಸದಿದ್ದರೂ ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ ಹೀಗೆ ಮಾಡದಿದ್ದರೆ ಕೇಬಲು ನಳಿಗೆಯೊಳಗೇ ತುಕ್ಕು ಹಿಡಿದು ಕುಳಿತುಬಿಡುತ್ತದೆ. ತೆಂಗಿನೆಣ್ಣೆ ಹಚ್ಚಬಾರದು, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಕವಚ ಹರಿದರೆ ಅದನ್ನಷ್ಟೇ ಮಾರುವವರು ನನಗೆ ಸಿಕ್ಕಿಲ್ಲ. ಹಳೆಯ ಸೈಕಲ್ ಟ್ಯೂಬಿನ ಒಂದು ಗೇಣು ತುಂಡನ್ನು ಬಾಗಿಗೆ ತೊಡಿಸಿ, ಎರಡು ತುದಿಗಳನ್ನು ನೈಲಾನ್ ದಾರದಿಂದ ಬಿಗಿದು ಕಟ್ಟಿದ್ದೇನೆ, ಕಂಪನಿಯ ಕವಚಕ್ಕಿಂತ ಅದು ಪಿಂಗಾಣಿಯ ಮೇಲೆ ಮೆತ್ತಗೆ ಕೂರುತ್ತದೆ.